ಶಸ್ತ್ರವೈದ್ಯನಾಗಬಯಸುವ ವಿದ್ಯಾರ್ಥಿಗೆ ಸಂಶೋಧನೆ ಎಷ್ಟು ಅಗತ್ಯ?

(ವಿದ್ಯಾರ್ಥಿಗಳ ಹಾಗೂ ಪಾಲಕರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಗೋದಾವರಿಯ ದಡದ ಪಂಚವಟಿಯಲ್ಲಿ ಲಕ್ಷ್ಮಣನು ಶೂರ್ಪನಖಿಯ ನಾಸಿಕವನ್ನು ಛೇದಿಸಿದ್ದರಿಂದ ಈ ಕ್ಷೇತ್ರಕ್ಕೆ ನಾಸಿಕವೆಂಬ ಹೆಸರು ಬಂದಿತೆಂಬ ಐತಿಹ್ಯವನ್ನು ಕೇಳದವರು ಈ ಸಭೆಯಲ್ಲಿ ಇರಲಾರರು. ಮೂಗು ಕಳೆದುಕೊಂಡವರಿಗೆ ಅದನ್ನು ಮರಳಿ ಕಟ್ಟಿಕೊಡುವ ವಿದ್ಯೆಯೂ ಇದೇ ದೇಶದಲ್ಲಿ ಬಹು ಹಿಂದಿನಿಂದ ಇತ್ತೆಂಬುದು ಅಷ್ಟು ಪ್ರಸಿದ್ಧವಲ್ಲ. ಸುಶ್ರುತಸಂಹಿತೆಯಲ್ಲಿ ನಾಸಾಸಂಧಾನದ ವಿಧಿಯು ವಿವರವಾಗಿ ನಿರೂಪಿತವಾಗಿದೆ. ಆ ವಿದ್ಯೆ ಪುಸ್ತಕದಲ್ಲಿ ಮಾತ್ರ ಉಳಿಯದೆ, ಕೆಲವು ಮನೆತನಗಳಲ್ಲಿ ಕೈಯಿಂದ ಕೈಗೆ ಹರಿದು ಬಂದಿತ್ತು.

1790-92ರ ಮೈಸೂರು ಯುದ್ಧದ ಕಾಲದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತನು ಟಿಪ್ಪೂವಿನ ಸೈನ್ಯಕ್ಕೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ತರುವಾಯ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕಸುಬಿನ ಒಬ್ಬ ವ್ಯಕ್ತಿಯು, ಮೇಣದ ತೆಳುವಾದ ಅಚ್ಚಿನಿಂದ ಅಳತೆ ತೆಗೆದು, ಹಣೆಯ ಚರ್ಮವನ್ನು ಇಳಿಸಿ, ಅವನಿಗೆ ಹೊಸ ಮೂಗನ್ನು ರೂಪಿಸಿಕೊಟ್ಟನು. ಆ ಶಸ್ತ್ರಕ್ರಿಯೆಯ ವರ್ಣನೆಯು ಚಿತ್ರಸಹಿತವಾಗಿ 1794ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಆಂಗ್ಲ ಶಸ್ತ್ರವೈದ್ಯನು ವರ್ಷಾನುಗಟ್ಟಲೆ ಅಭ್ಯಾಸ ಮಾಡಿ, 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮದಿಂದ ಶಸ್ತ್ರಕ್ರಿಯೆ ನಡೆಸಿ, 1816ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಯುರೋಪಿನ ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯು ಈ ಘಟನೆಯನ್ನು ಮರೆಯುವಂತಿಲ್ಲ.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಮೂಗನ್ನು ಕಟ್ಟಿಕೊಟ್ಟ ಆ ಕುಶಲಿಯ ಹೆಸರನ್ನು ಆ ಬರಹವು ದಾಖಲಿಸಲಿಲ್ಲ. ಕೆಲಸ ಮಾಡಿದವನು ಅನಾಮಧೇಯನಾಗಿ ಉಳಿದನು. ಆದರೆ ನೋಡಿದವರು ಬರೆದುದರಿಂದ ವಿದ್ಯೆಯು ಜಗತ್ತಿಗೆ ದಕ್ಕಿತು. ಕಂಡದ್ದನ್ನು ಕಂಡಂತೆ ಬರೆದಿಟ್ಟು ಇನ್ನೊಬ್ಬರ ಪರೀಕ್ಷೆಗೆ ಒಡ್ಡುವುದೇ ಸಂಶೋಧನೆಯ ಮೂಲ ಸ್ವರೂಪ. ಇಂದಿನ ವಿಷಯವನ್ನು ವಿವೇಚಿಸುವಾಗ ಈ ಮಾತು ನೆನಪಿನಲ್ಲಿರಲಿ.

ಒಂದು ಮನೆಯ ಚಿಂತೆ

ನಾಸಿಕ ರೋಡಿನಲ್ಲಿ ವಾಸವಾಗಿರುವ ಒಂದು ಕನ್ನಡ ಮನೆತನವನ್ನು ಊಹಿಸಿಕೊಳ್ಳೋಣ. ಮಗನು 2023ರವರೆಗೆ ಔರಂಗಾಬಾದ್ ಎಂದು ಕರೆಯಲಾಗುತ್ತಿದ್ದ ಛತ್ರಪತಿ ಸಂಭಾಜಿನಗರದ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದಲ್ಲಿ, ಅಂದರೆ 1956ರಲ್ಲಿ ಆರಂಭವಾದ, ಜನರು ‘ಘಾಟಿ’ ಎಂದೇ ಕರೆಯುವ ಆಸ್ಪತ್ರೆಯಲ್ಲಿ ಎಂ.ಬಿ.ಬಿ.ಎಸ್. ಮೂರನೆಯ ವರ್ಷದಲ್ಲಿ ಓದುತ್ತಿದ್ದಾನೆ. ಮೂಳೆ ಶಸ್ತ್ರವೈದ್ಯನಾಗಬೇಕೆಂಬುದು ಅವನ ಹಂಬಲ. ಅಮೇರಿಕದಲ್ಲಿರುವ ಸೋದರತ್ತೆಯ ಮಗನು ದೂರವಾಣಿಯಲ್ಲಿ, “ಪೇಪರ್ ಎಷ್ಟಾಗಿವೆಯೋ? ಹತ್ತಿಪ್ಪತ್ತು ಇಲ್ಲದಿದ್ದರೆ ಸರ್ಜರಿಯ ಕಡೆ ನೋಡಲೇಬೇಡ” ಎಂದು ಹೇಳಿದ್ದಾನೆ. ಅಂದಿನಿಂದ ಹುಡುಗನಿಗೆ ನಿದ್ರೆಯಿಲ್ಲ. ಅಷ್ಟರಲ್ಲಿ ಯಾರೋ ಮಧ್ಯವರ್ತಿಯೊಬ್ಬನು, ಇಂತಿಷ್ಟು ಹಣ ಕೊಟ್ಟರೆ ಸಿದ್ಧವಾಗಿರುವ ಲೇಖನದಲ್ಲಿ ಮೂರನೆಯ ಲೇಖಕನೆಂದು ಹೆಸರು ಸೇರಿಸುವುದಾಗಿ ಸಂದೇಶ ಕಳುಹಿಸಿದ್ದಾನೆ. ತಂದೆಯು ನಿವೃತ್ತಿಯ ಹಣದಿಂದ ಕೊಟ್ಟುಬಿಡೋಣವೆಂದು ಯೋಚಿಸುತ್ತಾರೆ. ತಾಯಿಯೊಬ್ಬರು ಮಾತ್ರ, “ಅವಾ ಮಾಡಲಾರದ ಕೆಲಸಕ್ಕ ಅವನ ಹೆಸರು ಹಾಕಿಸಿದ್ರ ಅದು ಹ್ಯಾಂಗರೀ ಸರಿ ಆದೀತು?” ಎಂದು ಕೇಳುತ್ತಾರೆ.

ಇದು ಕಲ್ಪಿತ ಮನೆಯಾದರೂ ಇಂಥ ಚಿಂತೆಯು ಅನೇಕ ಮನೆಗಳಲ್ಲಿ ಇದೆ. ಆ ಹುಡುಗನು ಎರಡು ಬೇರೆ ಪ್ರಶ್ನೆಗಳನ್ನು ಒಂದಾಗಿಸಿಕೊಂಡಿದ್ದಾನೆ. ಶಸ್ತ್ರಚಿಕಿತ್ಸೆಯ ಸೀಟು ದೊರೆಯಲು ಸಂಶೋಧನೆ ಎಷ್ಟು ಬೇಕು ಎಂಬುದು ಮೊದಲನೆಯದು. ಒಳ್ಳೆಯ ಶಸ್ತ್ರವೈದ್ಯನಾಗಲು ಎಷ್ಟು ಬೇಕು ಎಂಬುದು ಎರಡನೆಯದು. ಎರಡಕ್ಕೂ ಉತ್ತರಗಳು ಬೇರೆ ಬೇರೆ.

ಭಾರತದಲ್ಲಿ ಸೀಟು ನಿರ್ಧಾರವಾಗುವ ಬಗೆ

ಭಾರತದಲ್ಲಿ ಎಂ.ಎಸ್. ಪ್ರವೇಶಕ್ಕೆ ಮುಖ್ಯ ದ್ವಾರವು ನೀಟ್-ಪಿಜಿ ಪರೀಕ್ಷೆ. 2016ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, 2017ರ ಪ್ರವೇಶದಿಂದ ಇದು ದೇಶಕ್ಕೆಲ್ಲ ಒಂದೇ ಪರೀಕ್ಷೆಯಾಯಿತು. 2025ರವರೆಗಿನ ಮಾದರಿಯಂತೆ 200 ಪ್ರಶ್ನೆಗಳು, ಮೂರೂವರೆ ಗಂಟೆಗಳ ಅವಧಿ, ಒಟ್ಟು 800 ಅಂಕಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪುತ್ತರಕ್ಕೆ 1 ಅಂಕದ ಕಡಿತ. 2 ಲಕ್ಷಕ್ಕೂ ಅಧಿಕ ಅಭ್ಯರ್ಥಿಗಳು ಬರೆಯುವ ಈ ಪರೀಕ್ಷೆಯ ರ್‍ಯಾಂಕಿನ ಮೇಲೆಯೇ ಅಖಿಲ ಭಾರತ ಕೋಟಾದ ಹಂಚಿಕೆಯೂ, ಮಹಾರಾಷ್ಟ್ರದ ಸಿಇಟಿ ಸೆಲ್ ನಡೆಸುವ ರಾಜ್ಯ ಕೋಟಾದ ಹಂಚಿಕೆಯೂ ನಡೆಯುತ್ತವೆ.

ಈ ಲೆಕ್ಕದಲ್ಲಿ ಸಂಶೋಧನಾ ಲೇಖನಕ್ಕೆ ಮೀಸಲಾದ ಅಂಕಗಳು ಶೂನ್ಯ. ಒಂದು ಲೇಖನವಿದ್ದರೂ ಶೂನ್ಯ, ಇಪ್ಪತ್ತಿದ್ದರೂ ಶೂನ್ಯ. ಏಮ್ಸ್ ಸಂಸ್ಥೆಗಳು, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್ಮರ್ ಮೊದಲಾದ ರಾಷ್ಟ್ರೀಯ ಮಹತ್ವದ ಸಂಸ್ಥೆಗಳಲ್ಲಿ ಎಂ.ಎಸ್. ಪ್ರವೇಶಕ್ಕೆ ಪ್ರತ್ಯೇಕ ಐಎನ್ಐ-ಸಿಇಟಿ ಪರೀಕ್ಷೆಯುಂಟು. ಅಲ್ಲಿಯೂ ಲೇಖನಗಳ ಎಣಿಕೆಯಿಲ್ಲ. ಎಂ.ಎಸ್. ಮುಗಿಸಿ ನರಶಸ್ತ್ರಚಿಕಿತ್ಸೆ, ಹೃದಯ ಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿ ಮುಂತಾದ ಎಂ.ಸಿಎಚ್. ವ್ಯಾಸಂಗಕ್ಕೆ ಹೋಗುವವರಿಗೆ 2017ರಿಂದ ನೀಟ್-ಎಸ್ಎಸ್ ಇದೆ; ಅದೂ ರ್‍ಯಾಂಕಿನ ಪರೀಕ್ಷೆಯೇ. ಏಮ್ಸ್ ಮುಂತಾದ ಸಂಸ್ಥೆಗಳ ಎಂ.ಸಿಎಚ್. ಪ್ರವೇಶದಲ್ಲಿ ಮಾತ್ರ ಲಿಖಿತ ಪರೀಕ್ಷೆಯ ನಂತರ ವಿಭಾಗದ ಪ್ರಾಧ್ಯಾಪಕರು ನಡೆಸುವ ಎರಡನೆಯ ಹಂತದ ಮೌಲ್ಯಮಾಪನವುಂಟು. ಅಭ್ಯರ್ಥಿಯು ತನ್ನ ಥೀಸಿಸನ್ನು ನಿಜವಾಗಿ ತಾನೇ ಮಾಡಿದ್ದಾನೆಯೇ ಎಂಬುದು ಅಂಥ ಎದುರುಬದುರು ಮಾತಿನಲ್ಲಿ ಬಹುಬೇಗ ಬಯಲಾಗುತ್ತದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಲ್ಲಿ ಸೂಚಿತವಾಗಿರುವ ನೆಕ್ಸ್ಟ್ ಕೂಡ ಒಂದು ಪರೀಕ್ಷೆಯೇ ಆಗಿದೆ.

ಹೀಗಿರುವಾಗ, ಭಾರತದಲ್ಲಿಯೇ ಎಂ.ಎಸ್. ಮಾಡಬೇಕೆಂದಿರುವ ವಿದ್ಯಾರ್ಥಿಯು ಅಂತಿಮ ವರ್ಷದಲ್ಲಿ ಪುಸ್ತಕವನ್ನು ಬದಿಗಿಟ್ಟು ಲೇಖನಗಳ ಬೆನ್ನುಹತ್ತುವುದು ಲೆಕ್ಕಕ್ಕೆ ಹೊಂದುವ ಕೆಲಸವಲ್ಲ. ತಿಳಿದಿರಬೇಕಾದ ಒಂದು ಪ್ರಶ್ನೆಗೆ ತಪ್ಪುತ್ತರ ಗುರುತಿಸಿದರೆ ಬರಬೇಕಾದ 4 ಅಂಕ ತಪ್ಪಿ, ಇದ್ದ ಅಂಕದಲ್ಲಿ 1 ಕಳೆಯುತ್ತದೆ; ಒಟ್ಟು 5 ಅಂಕಗಳ ಅಂತರ. ಆ 5 ಅಂಕಗಳೊಳಗೆ ನೂರಾರು, ಕೆಲವೊಮ್ಮೆ ಸಾವಿರಾರು ಅಭ್ಯರ್ಥಿಗಳು ಇರುತ್ತಾರೆ. ಮೂಳೆ ಶಸ್ತ್ರಚಿಕಿತ್ಸೆಯಂಥ ಬೇಡಿಕೆಯ ವಿಭಾಗದಲ್ಲಿ ಸೀಟು ಸಿಗುವುದು ಅಥವಾ ಕೈತಪ್ಪುವುದು ಆ ಅಂತರದಲ್ಲಿಯೇ.

ಈ ಪದ್ಧತಿ ನ್ಯಾಯವೇ?

ಕೇವಲ ಉತ್ತರ ಗುರುತಿಸುವ ಪರೀಕ್ಷೆಯಿಂದ ಶಸ್ತ್ರವೈದ್ಯನನ್ನು ಆರಿಸುವುದು ಸರಿಯೇ ಎಂದು ಹಲವರು ಆಕ್ಷೇಪಿಸುತ್ತಾರೆ. ಆಕ್ಷೇಪದಲ್ಲಿ ಹುರುಳಿದೆ. ಕೈಯ ಸ್ಥೈರ್ಯ, ರೋಗಿಯ ಬಗೆಗಿನ ಕನಿಕರ, ಮಧ್ಯರಾತ್ರಿಯಲ್ಲಿಯೂ ಕೆಡದ ವಿವೇಕ, ಇವಾವುವನ್ನೂ ಈ ಪರೀಕ್ಷೆಯು ಅಳೆಯಲಾರದು. ಆದರೆ ಅದರ ಬದಲಿಗೆ ಲೇಖನಗಳನ್ನು ಎಣಿಸತೊಡಗಿದರೆ ಏನಾದೀತೆಂಬುದನ್ನೂ ಯೋಚಿಸಬೇಕು.

ದೆಹಲಿಯ ಹಿರಿಯ ಶಸ್ತ್ರವೈದ್ಯ ಡಾ. ಸಮೀರನ್ ನಂದಿಯವರೂ ಅವರ ಸಹೋದ್ಯೋಗಿಗಳೂ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಸಹಾಯಕ್ಕೆ ಬರುತ್ತದೆ. 2005ರಿಂದ 2014ರವರೆಗಿನ ಹತ್ತು ವರ್ಷಗಳಲ್ಲಿ ಭಾರತದ 579 ವೈದ್ಯಕೀಯ ಸಂಸ್ಥೆಗಳ ಪ್ರಕಟಣೆಗಳನ್ನು ಅವರು ಎಣಿಸಿದರು. ವರ್ಷಕ್ಕೆ 100ಕ್ಕಿಂತ ಹೆಚ್ಚು ಲೇಖನಗಳನ್ನು ಪ್ರಕಟಿಸಿದ ಸಂಸ್ಥೆಗಳು ಕೇವಲ 25. ಹತ್ತು ವರ್ಷಗಳಲ್ಲಿ ಒಂದೇ ಒಂದು ಲೇಖನವನ್ನೂ ಪ್ರಕಟಿಸದ ಸಂಸ್ಥೆಗಳು 332, ಅಂದರೆ ಶೇ. 57ಕ್ಕೂ ಅಧಿಕ. ವಿದ್ಯಾರ್ಥಿಯು ಸಂಶೋಧನೆಗೆ ಅವಕಾಶವೇ ಇಲ್ಲದ ಕಾಲೇಜಿನಲ್ಲಿ ಓದಿದ್ದರೆ, ಲೇಖನವಿಲ್ಲವೆಂದು ಅವನನ್ನು ಹಿಂದಿಡುವುದು ಯಾವ ನ್ಯಾಯ? ತಾಲ್ಲೂಕಿನ ರೈತನ ಮಗಳಿಗೂ ನಗರದ ಪ್ರಾಧ್ಯಾಪಕರ ಮಗನಿಗೂ ಒಂದೇ ಪ್ರಶ್ನೆಪತ್ರಿಕೆಯನ್ನು ಕೊಡುವ ಪದ್ಧತಿಗೆ ನೂರು ಕೊರತೆಗಳಿದ್ದರೂ ಈ ಒಂದು ಗುಣವುಂಟು.

ಲೇಖನವನ್ನು ಎಣಿಕೆಯ ವಸ್ತುವಾಗಿಸಿದರೆ ಏನಾಗುತ್ತದೆಂಬುದಕ್ಕೆ ಅಧ್ಯಾಪಕರ ವಿಷಯದಲ್ಲಿ ದೃಷ್ಟಾಂತವಿದೆ. ವೈದ್ಯಕೀಯ ಅಧ್ಯಾಪಕರ ಬಡ್ತಿಗೆ ಪ್ರಕಟಿತ ಲೇಖನಗಳನ್ನು ಅಗತ್ಯಗೊಳಿಸಿದ ಬಳಿಕ, 2015ರಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು ಯಾವ ಪತ್ರಿಕೆಗಳು ಮಾನ್ಯ, ಎಷ್ಟನೆಯ ಲೇಖಕರು ಅರ್ಹರು ಎಂಬುದಕ್ಕೆ ಕಟ್ಟಳೆ ಹಾಕಬೇಕಾಯಿತು. ಅಷ್ಟಾದರೂ ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳು ನಿಲ್ಲಲಿಲ್ಲ.

ಎರಡು ಗೇಜುಗಳು

ಹಾಗಾದರೆ ಅಮೇರಿಕದ ಸೋದರತ್ತೆಯ ಮಗನು ಹೇಳಿದ್ದು ಸುಳ್ಳೇ? ಸುಳ್ಳಲ್ಲ, ಅದು ಬೇರೊಂದು ಮಾರ್ಗದ ಮಾತು.

ನಾಸಿಕದಿಂದ ಸಂಭಾಜಿನಗರಕ್ಕೆ ರೈಲಿನಲ್ಲಿ ಹೋಗುವವರಿಗೆ ಮನ್ಮಾಡ್ ಜಂಕ್ಷನ್ನಿನ ಪರಿಚಯವಿದೆ. ಮುಂಬಯಿಯಿಂದ ಬರುವ ಮುಖ್ಯ ಮಾರ್ಗವು 1676 ಮಿ.ಮೀ. ಅಗಲದ ಬ್ರಾಡ್‌ಗೇಜ್. ಮನ್ಮಾಡಿನಿಂದ ಸಂಭಾಜಿನಗರದ ಕಡೆಗೆ ನಿಜಾಮರ ಕಾಲದಲ್ಲಿ ಹಾಸಿದ್ದ ಮಾರ್ಗವು 1000 ಮಿ.ಮೀ. ಅಗಲದ ಮೀಟರ್ ಗೇಜ್. ಗೇಜ್ ಪರಿವರ್ತನೆಯಾಗುವವರೆಗೂ ಪ್ರಯಾಣಿಕರು ಮನ್ಮಾಡಿನಲ್ಲಿ ಇಳಿದು ಗಾಡಿ ಬದಲಿಸಬೇಕಾಗಿತ್ತು. ಸರಕನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಾಗಿತ್ತು. ಒಂದು ಗೇಜಿನ ಎಂಜಿನ್ನು ಎಷ್ಟೇ ಬಲಶಾಲಿಯಾಗಿದ್ದರೂ ಇನ್ನೊಂದು ಗೇಜಿನ ಹಳಿಯ ಮೇಲೆ ಓಡುವಂತಿಲ್ಲ. ಭಾರತದ ಆಯ್ಕೆಯೂ ಅಮೇರಿಕದ ಆಯ್ಕೆಯೂ ಹೀಗೆ ಎರಡು ಗೇಜುಗಳು.

ಅಮೇರಿಕದಲ್ಲಿ ಆಸ್ಪತ್ರೆಗಳು ಅಭ್ಯರ್ಥಿಯ ಅರ್ಜಿ, ಶಿಫಾರಸು ಪತ್ರಗಳು, ಸಂದರ್ಶನ ಇತ್ಯಾದಿಗಳನ್ನು ನೋಡಿ ತಮ್ಮ ಪಟ್ಟಿ ಸಿದ್ಧಪಡಿಸುತ್ತವೆ. ಅಭ್ಯರ್ಥಿಯೂ ತನ್ನ ಪಟ್ಟಿ ಕೊಡುತ್ತಾನೆ. ಎರಡನ್ನೂ ಹೊಂದಿಸುವ ವ್ಯವಸ್ಥೆಗೆ ‘ಮ್ಯಾಚ್’ ಎಂದು ಹೆಸರು. ಅಲ್ಲಿನ ಯುಎಸ್ಎಂಎಲ್ಇ ಮೊದಲ ಹಂತದ ಪರೀಕ್ಷೆಗೆ 2022ರ ಜನವರಿಯಿಂದ ಅಂಕಗಳನ್ನು ತಿಳಿಸುವುದನ್ನು ನಿಲ್ಲಿಸಿ, ಕೇವಲ ತೇರ್ಗಡೆ ಅಥವಾ ಅನುತ್ತೀರ್ಣ ಎಂದು ತಿಳಿಸಲಾಗುತ್ತಿದೆ. ಒಂದು ಅಳತೆಗೋಲು ಕಾಣೆಯಾದಾಗ ಉಳಿದವುಗಳ ತೂಕ ಹೆಚ್ಚುವುದು ಸಹಜ. ಮ್ಯಾಚ್ ಸಂಸ್ಥೆಯ 2022ರ ವರದಿಯ ಪ್ರಕಾರ, ನರಶಸ್ತ್ರಚಿಕಿತ್ಸೆಯಲ್ಲಿ ಸ್ಥಾನ ಪಡೆದ ಅಲ್ಲಿನ ಎಂ.ಡಿ. ವಿದ್ಯಾರ್ಥಿಗಳು ನಮೂದಿಸಿದ ಸಂಶೋಧನಾ ಬಾಬುಗಳು ಸರಾಸರಿ 25ಕ್ಕೂ ಅಧಿಕ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ 16ಕ್ಕೂ ಅಧಿಕ.

ಈ ಅಂಕಿಗಳನ್ನು ಕೇಳಿ ಗಾಬರಿಯಾಗುವ ಮೊದಲು ಅವುಗಳ ಒಳಗನ್ನು ನೋಡಬೇಕು. ಇವು ಪೂರ್ಣ ಲೇಖನಗಳ ಸಂಖ್ಯೆಯಲ್ಲ. ಸಮ್ಮೇಳನದ ಸಾರಲೇಖ, ಭಿತ್ತಿಪತ್ರ, ಉಪನ್ಯಾಸ, ಪ್ರಕಟಿತ ಲೇಖನ, ಎಲ್ಲವನ್ನೂ ಒಟ್ಟುಗೂಡಿಸಿದ ಮೊತ್ತ. ಒಂದೇ ಅಧ್ಯಯನವು ಮೂರು ರೂಪಗಳಲ್ಲಿ ಮೂರು ಬಾಬುಗಳಾಗಿ ಸೇರಿರಬಹುದು. ಸರಾಸರಿಯೆಂಬುದು ಕೆಲವೇ ಮಂದಿಯ ಅತಿ ದೊಡ್ಡ ಸಂಖ್ಯೆಗಳಿಂದ ಮೇಲೇರುತ್ತದೆಂಬುದನ್ನೂ ಮರೆಯಬಾರದು.

ಭಾರತದಿಂದ ಹೋಗುವವರ ದಾರಿ ಇನ್ನೂ ಕಠಿಣ. ಸ್ಪರ್ಧೆ ಹೆಚ್ಚಿರುವ ಶಸ್ತ್ರ ವಿಭಾಗಗಳನ್ನು ಬಯಸುವವರು ಬಹುಮಟ್ಟಿಗೆ ಅಲ್ಲಿನ ವಿಭಾಗವೊಂದರಲ್ಲಿ ಒಂದೆರಡು ವರ್ಷ ಸಂಶೋಧಕರಾಗಿ ದುಡಿಯುತ್ತಾರೆ. ಎಷ್ಟೋ ಕಡೆ ಅದಕ್ಕೆ ವೇತನವಿಲ್ಲ. ಅಲ್ಲಿ ದೊರೆಯುವ ಲಾಭವು ಲೇಖನಗಳಿಗಿಂತ ಹೆಚ್ಚಾಗಿ, ಅಭ್ಯರ್ಥಿಯ ಕೆಲಸವನ್ನು ಕಣ್ಣಾರೆ ಕಂಡ ಪ್ರಾಧ್ಯಾಪಕರ ಶಿಫಾರಸು ಪತ್ರವಾಗಿದೆ. ಬ್ರಿಟನ್ನಿನಲ್ಲಿ ಶಸ್ತ್ರ ತರಬೇತಿಗೆ ಅರ್ಜಿ ಹಾಕುವವರ ಸಾಧನೆಗಳಿಗೆ ಅಂಕ ಕೊಡುವ ಪಟ್ಟಿಯುಂಟು. ಅದರಲ್ಲಿ ಆಡಿಟ್ ಎಂಬ, ತಮ್ಮದೇ ವಿಭಾಗದ ಕೆಲಸವನ್ನು ಅಳೆದು ಸುಧಾರಿಸುವ ಕಾರ್ಯಕ್ಕೆ ಬೆಲೆಯಿದೆ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ವರ್ಷದ ಅಧಿಕೃತ ಸೂಚನೆಯನ್ನೇ ಓದಬೇಕು.

ಆದುದರಿಂದ ಮನೆಯಲ್ಲಿ ಮೊದಲು ಆಗಬೇಕಾದ ನಿರ್ಧಾರವು ‘ಎಷ್ಟು ಪೇಪರ್’ ಎಂಬುದಲ್ಲ. ‘ಯಾವ ಮಾರ್ಗ’ ಎಂಬುದು. ಮೂರನೆಯ ವರ್ಷದೊಳಗೆ ಮಗನೂ ತಂದೆತಾಯಿಗಳೂ ಕೂಡಿ ಕುಳಿತು, ಖರ್ಚು, ಕಾಲ, ವೀಸಾದ ಅನಿಶ್ಚಿತತೆ, ಮನೆಯ ಹಿರಿಯರ ಆರೋಗ್ಯ ಎಲ್ಲವನ್ನೂ ಎಣಿಸಿ ಇದನ್ನು ತೀರ್ಮಾನಿಸುವುದು ಲೇಸು. ಎರಡೂ ಮಾರ್ಗಗಳ ಮೇಲೆ ಒಂದೊಂದು ಕಾಲಿಟ್ಟು ನಿಂತವನು ಮನ್ಮಾಡಿನ ಪ್ಲಾಟ್‌ಫಾರ್ಮಿನಲ್ಲಿಯೇ ಉಳಿದುಬಿಡುವ ಅಪಾಯವಿದೆ.

ಕೊಂಡುಕೊಂಡ ಹೆಸರು

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಲೇಖಕನೆಂದು ಯಾರು ಹೆಸರು ಹಾಕಿಕೊಳ್ಳಬಹುದು ಎಂಬುದಕ್ಕೆ ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯು ನಾಲ್ಕು ನಿಬಂಧನೆಗಳನ್ನು ವಿಧಿಸಿದೆ. ಅಧ್ಯಯನದ ಯೋಜನೆಯಲ್ಲಾಗಲಿ, ಮಾಹಿತಿಯ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಾಗಲಿ ಗಣನೀಯ ಪಾಲು ಇರಬೇಕು. ಲೇಖನವನ್ನು ಬರೆಯುವುದರಲ್ಲಿ ಅಥವಾ ವಿಮರ್ಶಿಸಿ ತಿದ್ದುವುದರಲ್ಲಿ ಭಾಗಿಯಾಗಿರಬೇಕು. ಅಂತಿಮ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು. ಲೇಖನದ ಸತ್ಯತೆಗೆ ಉತ್ತರದಾಯಿಯಾಗಿರಬೇಕು. ಈ ನಾಲ್ಕೂ ಒಟ್ಟಿಗೆ ಇರಬೇಕೇ ಹೊರತು ನಾಲ್ಕರಲ್ಲಿ ಒಂದಿದ್ದರೆ ಸಾಲದು. ಹಣ ಕೊಟ್ಟು ಹೆಸರು ಸೇರಿಸಿದವನಿಗೆ ಇವುಗಳಲ್ಲಿ ಒಂದೂ ಇರುವುದಿಲ್ಲ. ತಾಯಿಯು ಸಹಜ ಬುದ್ಧಿಯಿಂದ ಕೇಳಿದ್ದನ್ನೇ ಸಂಪಾದಕರ ಸಮಿತಿಯು ನಿಯಮವಾಗಿ ಬರೆದಿದೆ.

ಲೌಕಿಕ ದೃಷ್ಟಿಯಿಂದಲೂ ಇದು ನಷ್ಟದ ವ್ಯಾಪಾರ. ಭಾರತದ ಪ್ರವೇಶದಲ್ಲಿ ಅದಕ್ಕೆ ಅಂಕವಿಲ್ಲವಾದ್ದರಿಂದ ಕೊಟ್ಟ ಹಣ ನೀರಿನಲ್ಲಿ ಹೋಮ. ವಿದೇಶದ ಸಂದರ್ಶನದಲ್ಲಿ, “ಈ ಅಧ್ಯಯನದಲ್ಲಿ ನಿಮ್ಮ ಕೆಲಸವೇನಿತ್ತು? ರೋಗಿಗಳನ್ನು ಹೇಗೆ ಆರಿಸಿದಿರಿ?” ಎಂಬ ಎರಡು ಪ್ರಶ್ನೆಗಳು ಸಾಕು, ಪರದೆ ಸರಿಯಲು. ಇನ್ನು, ಪ್ರಕಟವಾದ ಲೇಖನವನ್ನು ಪತ್ರಿಕೆಯು ಹಿಂತೆಗೆದುಕೊಂಡರೆ, ಆ ಹಿಂತೆಗೆತದ ಸೂಚನೆಯಲ್ಲಿ ಹೆಸರು ಶಾಶ್ವತವಾಗಿ ಉಳಿಯುತ್ತದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮಾಡಿದ ತಪ್ಪು ಐವತ್ತನೆಯ ವಯಸ್ಸಿನಲ್ಲಿಯೂ ಗೂಗಲ್ ಹುಡುಕಾಟದಲ್ಲಿ ಎದುರಾಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಹಾನಿ ಬೇರೆ. ಸುಳ್ಳು ಅಂಕಿಗಳ ಲೇಖನವನ್ನು ಎಲ್ಲಿಯೋ ಒಬ್ಬ ವೈದ್ಯನು ನಿಜವೆಂದು ನಂಬಿ, ತನ್ನ ರೋಗಿಯ ಮೇಲೆ ಪ್ರಯೋಗಿಸಬಹುದು. ಆ ರೋಗಿಗೆ ಆಗುವ ಕೇಡಿನಲ್ಲಿ ಹೆಸರು ಕೊಂಡವನಿಗೂ ಪಾಲಿದೆ.

ಬಾಗಿಲು ದಾಟಿದ ಮೇಲೆ

ಇನ್ನು ಎರಡನೆಯ ಪ್ರಶ್ನೆ. ರ್‍ಯಾಂಕಿನಿಂದ ಸೀಟು ದೊರೆತ ಮೇಲೆ ಸಂಶೋಧನೆಯು ಐಚ್ಛಿಕವಲ್ಲ. ಎಂ.ಎಸ್. ವಿದ್ಯಾರ್ಥಿಯು ಥೀಸಿಸ್ ಬರೆಯಲೇಬೇಕು. ಮಹಾರಾಷ್ಟ್ರದಲ್ಲಿ 1998ರಲ್ಲಿ ಸ್ಥಾಪಿತವಾದ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನವು ನಾಸಿಕವೇ ಆಗಿದೆ. ಸಂಭಾಜಿನಗರದ ಘಾಟಿಯಲ್ಲಿ ರೋಗಿಗಳನ್ನು ನೋಡಿ ಬರೆದ ಥೀಸಿಸ್ ಪರಿಶೀಲನೆಗೆ ಒಳಪಡುವುದು ನಾಸಿಕದ ಈ ವಿಶ್ವವಿದ್ಯಾಲಯದ ಆಶ್ರಯದಲ್ಲಿ. ಅಧ್ಯಯನ ಆರಂಭಿಸುವ ಮುನ್ನ ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಬೇಕು. ರೋಗಿಯ ಸಮ್ಮತಿ ಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನ ಹಾಗೂ ನೀತಿಯ ಕೋರ್ಸುಗಳನ್ನೂ ಕಡ್ಡಾಯಗೊಳಿಸಲಾಗಿದೆ.

ಆದರೂ ಥೀಸಿಸ್ ಎಂದರೆ ಹಿರಿಯರದ್ದನ್ನು ನೋಡಿ ತುಂಬುವ ಶಾಸ್ತ್ರವೆಂಬ ಭಾವನೆಯು ಕೆಲವರಲ್ಲಿ ಬೇರೂರಿದೆ. ಅಂಥವರು ಕಳೆದುಕೊಳ್ಳುವುದೇನೆಂಬುದಕ್ಕೆ ಎರಡು ಉದಾಹರಣೆಗಳು ಸಾಕು.

ಮೊದಲನೆಯದು ಈ ಸೀಮೆಯದೇ. ಸಂಭಾಜಿನಗರದ ನೆರೆಯ ಜಾಲನಾ ಜಿಲ್ಲೆಯ ದೇಹೇಡ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1970ರ ದಶಕದಲ್ಲಿ ಕೊಂಕಣದ ಮಹಾಡ್ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವೈದ್ಯರಾಗಿ ಹೋದರು. ಅಲ್ಲಿ ಕೆಂಪು ಚೇಳು ಕಚ್ಚಿದವರು, ಅದರಲ್ಲಿಯೂ ಮಕ್ಕಳು, ಸಾಯುತ್ತಿದ್ದರು. ಪ್ರಯೋಗಶಾಲೆಯಿಲ್ಲ, ಅನುದಾನವಿಲ್ಲ. ಅವರು ಪ್ರತಿಯೊಬ್ಬ ರೋಗಿಯ ಪಕ್ಕದಲ್ಲಿ ಕುಳಿತು ನಾಡಿ, ರಕ್ತದೊತ್ತಡ, ಬೆವರು, ಉಸಿರಾಟಗಳನ್ನು ಬರೆದಿಟ್ಟರು. 1982ರಲ್ಲಿ ಅವರ ಅವಲೋಕನವು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಪ್ರಾಜೋಸಿನ್ ಎಂಬ, ರಕ್ತದೊತ್ತಡಕ್ಕೆ ಕೊಡುವ ಅಗ್ಗದ ಮಾತ್ರೆಯನ್ನು ಬಳಸಿ, ತೀವ್ರ ವಿಷಬಾಧೆಯಾದವರಲ್ಲಿ ಶೇ. 40ರ ಸುಮಾರಿಗೆ ಇದ್ದ ಸಾವನ್ನು ಶೇ. 1ರ ಆಸುಪಾಸಿಗೆ ಇಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರು ಶಸ್ತ್ರವೈದ್ಯರಲ್ಲ, ಔಷಧ ಚಿಕಿತ್ಸಕರು. ಆದರೆ ಪಾಠವು ಎರಡು ಕಡೆಗೂ ಒಂದೇ. ಸೀಟಿಗಾಗಲಿ ಬಡ್ತಿಗಾಗಲಿ ಅವರು ಬರೆಯಲಿಲ್ಲ. ಎದುರಿಗೆ ಮಗು ಸಾಯುತ್ತಿತ್ತು, ಏಕೆಂದು ತಿಳಿಯಬೇಕಾಗಿತ್ತು.

ಎರಡನೆಯದು ಶಸ್ತ್ರಚಿಕಿತ್ಸಾ ಕೋಣೆಯದು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ 19 ಅಂಶಗಳ ಒಂದು ಸುರಕ್ಷತಾ ಪಟ್ಟಿಯನ್ನು ರೂಪಿಸಿತು. ಈ ಕಾರ್ಯದ ಮುಂದಾಳು ಭಾರತ ಮೂಲದ ವೈದ್ಯ ದಂಪತಿಗಳ ಪುತ್ರರಾದ, ಅಮೇರಿಕದ ಶಸ್ತ್ರವೈದ್ಯ ಡಾ. ಅತುಲ್ ಗವಾಂಡೆ. ರೋಗಿಯ ಹೆಸರೇನು, ಶಸ್ತ್ರಕ್ರಿಯೆ ಎಡಗಡೆಯೋ ಬಲಗಡೆಯೋ, ಆ್ಯಂಟಿಬಯಾಟಿಕ್ ಸಕಾಲದಲ್ಲಿ ಕೊಟ್ಟಾಗಿದೆಯೇ, ಕೊನೆಯಲ್ಲಿ ಹತ್ತಿಬಟ್ಟೆ ಮತ್ತು ಸೂಜಿಗಳ ಲೆಕ್ಕ ಸರಿಯಿದೆಯೇ, ಇಂಥ ಸರಳ ಪ್ರಶ್ನೆಗಳೇ ಅದರಲ್ಲಿರುವುದು. ದೆಹಲಿಯೂ ಸೇರಿದಂತೆ ಜಗತ್ತಿನ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ, ಫಲಿತಾಂಶವನ್ನು 2009ರ ಜನವರಿಯಲ್ಲಿ ಪ್ರಕಟಿಸಲಾಯಿತು. ಪಟ್ಟಿಯನ್ನು ಬಳಸುವ ಮೊದಲು 3,733, ಬಳಸಿದ ನಂತರ 3,955 ರೋಗಿಗಳನ್ನು ಗಮನಿಸಲಾಗಿತ್ತು. ಸಾವು ಶೇ. 1.5ರಿಂದ ಶೇ. 0.8ಕ್ಕೂ, ತೊಡಕುಗಳು ಶೇ. 11ರಿಂದ ಶೇ. 7ಕ್ಕೂ ಇಳಿದವು. ಗಾಡಿ ಹೊರಡುವ ಮೊದಲು ಬ್ರೇಕ್ ಪರೀಕ್ಷಿಸಿ ಸಹಿ ಮಾಡುವ ಪದ್ಧತಿಯನ್ನು ರೈಲ್ವೆಯವರು ಬಹುಕಾಲದಿಂದ ಬಲ್ಲರು. ಆಪರೇಷನ್ ಥಿಯೇಟರಿನಲ್ಲಿ ಅಂಥದೇ ಶಿಸ್ತು ಜೀವ ಉಳಿಸುತ್ತದೆಂಬುದು ಎಣಿಸಿ ನೋಡಿದ ಮೇಲೆ ದೃಢಪಟ್ಟಿತು.

ಶಸ್ತ್ರವೈದ್ಯನು ತನ್ನ ಕೈಯ ಫಲಿತಾಂಶವನ್ನು ತಾನೇ ಎಣಿಸಲು ಕಲಿಯಬೇಕು. ಕಳೆದ ವರ್ಷ ನೂರು ಜನರಿಗೆ ಶಸ್ತ್ರಕ್ರಿಯೆ ಮಾಡಿದೆನು, ಅವರಲ್ಲಿ ಎಷ್ಟು ಗಾಯಗಳು ಕೀವಾದವು, ಏಕೆ ಆದವು ಎಂದು ಬರೆದಿಡದವನು ಮೂವತ್ತು ವರ್ಷ ದುಡಿದರೂ ಒಂದೇ ವರ್ಷದ ಅನುಭವವನ್ನು ಮೂವತ್ತು ಸಲ ಪುನರಾವರ್ತಿಸಿದಂತೆ. ಸಂಶೋಧನೆಯ ನಿಜವಾದ ಬೆಲೆ ಇರುವುದು ಇಲ್ಲಿ. ಅದು ಬಾಗಿಲಿನಲ್ಲಿ ತೋರಿಸುವ ಟಿಕೆಟ್ಟಲ್ಲ. ಪ್ರಯಾಣದುದ್ದಕ್ಕೂ ಬೇಕಾಗುವ ಕಣ್ಣು.

ವಿದ್ಯಾರ್ಥಿಗಳಿಗೂ ಪಾಲಕರಿಗೂ

ಇಷ್ಟೆಲ್ಲ ವಿವೇಚನೆಯ ಬಳಿಕ ಆ ಹುಡುಗನು ಮಾಡಬೇಕಾದುದೇನು?

ಎಂ.ಬಿ.ಬಿ.ಎಸ್. ಕಾಲದಲ್ಲಿ ಒಂದೇ ಒಂದು ಚಿಕ್ಕ ಅಧ್ಯಯನವನ್ನು ಪ್ರಾಮಾಣಿಕವಾಗಿ ಮಾಡಿದರೆ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1979ರಿಂದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗಾಗಿ ಎರಡು ತಿಂಗಳ ಅಲ್ಪಾವಧಿ ವಿದ್ಯಾರ್ಥಿವೇತನದ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ತನ್ನ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಪ್ರಸ್ತಾವ ಸಲ್ಲಿಸಬಹುದು. ಅದು ದೊರೆಯದಿದ್ದರೂ ಅಡ್ಡಿಯಿಲ್ಲ. ಅಪಘಾತದಲ್ಲಿ ಮೂಳೆ ಮುರಿದು ಘಾಟಿಗೆ ಬರುವ ರೋಗಿಯು ಗಾಯವಾದ ಎಷ್ಟು ಗಂಟೆಗಳ ಬಳಿಕ ಬರುತ್ತಾನೆ, ಯಾವ ಕಾರಣದಿಂದ ತಡವಾಗುತ್ತದೆ ಎಂಬುದನ್ನು ನೀತಿ ಸಮಿತಿಯ ಒಪ್ಪಿಗೆಯೊಂದಿಗೆ ಬರೆದಿಟ್ಟರೆ ಅದೂ ಸಂಶೋಧನೆಯೇ. ಅದಕ್ಕೆ ಬೇಕಾದುದು ಒಂದು ವಹಿ, ಒಂದು ಲೇಖನಿ, ಒಬ್ಬ ಗುರು.

ಅಂತಿಮ ವರ್ಷದಿಂದ ಪ್ರವೇಶ ಪರೀಕ್ಷೆಯವರೆಗಿನ ಕಾಲವನ್ನು, ಭಾರತದಲ್ಲಿಯೇ ಉಳಿಯುವ ನಿರ್ಧಾರವಾಗಿದ್ದರೆ, ಪೂರ್ತಿಯಾಗಿ ಓದಿಗೂ ವಾರ್ಡಿನ ಕೆಲಸಕ್ಕೂ ಮೀಸಲಿಡಬೇಕು. ವಿದೇಶದ ನಿರ್ಧಾರವಾಗಿದ್ದರೆ ಒಂದೇ ವಿಷಯದಲ್ಲಿ, ಒಬ್ಬರೇ ಗುರುವಿನ ಬಳಿಯಲ್ಲಿ, ಎರಡು ಮೂರು ವರ್ಷ ಸತತವಾಗಿ ದುಡಿಯಬೇಕು. ಸೀಟು ದೊರೆತ ಮೇಲೆ ಥೀಸಿಸ್ಸಿನ ವಿಷಯವನ್ನು ಗೈಡ್ ಹೇಳಿದರೆಂದು ಕಣ್ಣುಮುಚ್ಚಿ ಬರೆದುಕೊಳ್ಳದೆ, ತನ್ನ ವಾರ್ಡಿನಲ್ಲಿ ಕಂಡ ಸಂದೇಹದಿಂದ ಆರಿಸಿಕೊಳ್ಳಲು ವಿನಯದಿಂದ ಕೇಳಿಕೊಳ್ಳಬೇಕು. ನಿರೀಕ್ಷಿಸಿದ ಫಲಿತಾಂಶ ಬಾರದಿದ್ದರೂ ಬಂದುದನ್ನು ಬಂದಂತೆ ಬರೆಯಬೇಕು.

ಪಾಲಕರು ಮಾಡಬೇಕಾದುದು ಇಷ್ಟೇ. ಬಂಧುಗಳ ಮಕ್ಕಳ ಲೇಖನಗಳ ಸಂಖ್ಯೆಯನ್ನು ಊಟದ ಹೊತ್ತಿನಲ್ಲಿ ಎತ್ತಬೇಡಿರಿ. ಮೊದಲ ಯತ್ನದಲ್ಲಿ ಬಯಸಿದ ವಿಭಾಗ ಸಿಗದಿದ್ದರೆ ಮನೆಯ ಮಾನ ಹೋಯಿತೆಂದು ಭಾವಿಸಬೇಡಿರಿ. ಹಣ ಕೊಟ್ಟು ಹೆಸರು ಹಾಕಿಸುವ ಮಾತು ಬಂದರೆ, ಮಗನಿಗಿಂತ ಮೊದಲು ನೀವೇ ಬೇಡವೆನ್ನಿರಿ. ಇಪ್ಪತ್ತೆರಡು ವರ್ಷದ ಹುಡುಗನಿಗೆ ಬೇಡವೆನ್ನುವ ಧೈರ್ಯ ಇಲ್ಲದಿರಬಹುದು. ಮನೆಯವರು ಅಂದರೆ ಅವನಿಗೂ ಬರುತ್ತದೆ.

ಪುಣೆಯ ಬಳಿ ಕಾವಸ್‌ಜಿಗೆ ಮೂಗು ಕಟ್ಟಿಕೊಟ್ಟ ಕುಶಲಿಯ ಹೆಸರು ಯಾವ ಲೇಖನದ ತಲೆಯ ಮೇಲೂ ಇಲ್ಲ. ಕಾವಸ್‌ಜಿಗೆ ಮಾತ್ರ ಮೂಗು ದೊರೆಯಿತು. ಮಾಡದ ಕೆಲಸಕ್ಕೆ ಹೆಸರು ಹಾಕಿಸಿಕೊಳ್ಳುವ ಕಾಲದಲ್ಲಿ, ಹೆಸರಿಲ್ಲದೆ ಮಾಡಿದ ಆ ಕೆಲಸವನ್ನು ನೆನೆಯುವುದು ಉಚಿತ. ಇಂದಿನ ಮಕ್ಕಳು ಅವನ ಕೈಯನ್ನೂ, ಅದನ್ನು ನೋಡಿ ಬರೆದವರ ಪ್ರಾಮಾಣಿಕ ಲೇಖನಿಯನ್ನೂ ಒಟ್ಟಿಗೆ ಪಡೆಯಲಿ ಎಂಬ ಹಾರೈಕೆಯೊಂದಿಗೆ ಈ ಉಪನ್ಯಾಸವು ಮುಕ್ತಾಯಗೊಳ್ಳುತ್ತದೆ.

ಶ್ರೀಕೃಷ್ಣಾರ್ಪಣಮಸ್ತು